ಜೋಳಿಗೆಗೆ ಸಲ್ಲಿಸಿದ ಮೇಲೆ

(ಧೂಮಪಾನವನ್ನು ತ್ಯಜಿಸಿದವರ ದೇಹಮನಸ್ಸುಗಳಲ್ಲಿ ತೋರುವ ವಿಕಾರಗಳು ಹಾಗೂ ಅವುಗಳ ಉಪಶಮನ ಎಂಬ ವಿಷಯವಾಗಿ ಸದ್ಭಕ್ತರ ಸಮಕ್ಷಮದಲ್ಲಿ ನಡೆದ ಉಪನ್ಯಾಸ)





ವ್ರತವನ್ನು ಸ್ವೀಕರಿಸುವ ದಿನದ ಮಹಿಮೆಯನ್ನು ಕುರಿತು ಮಠಮಾನ್ಯಗಳಲ್ಲಿ ಉಪನ್ಯಾಸಗಳು ಬಹಳವಾಗಿ ನಡೆಯುತ್ತ ಬಂದಿರುವುವು. ವ್ರತವನ್ನು ಸ್ವೀಕರಿಸಿದ ಮೂರನೆಯ ದಿನವನ್ನು ಕುರಿತು ಮಾತನಾಡುವವರು ವಿರಳ. ನಿರ್ಣಾ ಸೀಮೆಯ ಒಬ್ಬ ಒಕ್ಕಲುಮಗನನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಅವನಿಗೆ ಹೆಸರು ಬೇಡ. ಅಂಥವರು ಊರೂರಿಗೂ ಇದ್ದಾರೆ. ಅವನು ಗುರುವಿನ ಎದುರಿನಲ್ಲಿ ಬೀಡಿಯ ಕಟ್ಟನ್ನೂ ಕಡ್ಡಿಪೆಟ್ಟಿಗೆಯನ್ನೂ ಜೋಳಿಗೆಗೆ ಹಾಕಿ, ಪಾದಕ್ಕೆರಗಿ, ಜನರ ಜಯಘೋಷದ ನಡುವೆ ಹಗುರವಾದ ಮನಸ್ಸಿನಿಂದ ಮನೆಗೆ ಹೋಗುತ್ತಾನೆ. ಮೂರನೆಯ ದಿನ ಬೆಳಗಿನ ಜಾವದಲ್ಲಿ ಅದೇ ಮನುಷ್ಯನು ನಿದ್ರೆಯಿಲ್ಲದೆ ಎದ್ದು ಕುಳಿತಿರುತ್ತಾನೆ. ಕೈಕಾಲುಗಳು ಚಡಪಡಿಸುತ್ತವೆ, ತಲೆ ಭಾರವಾಗಿರುತ್ತದೆ, ಮಗು ಅತ್ತರೆ ಸಿಟ್ಟು, ಹೆಂಡತಿ ಮಾತನಾಡಿಸಿದರೆ ಸಿಟ್ಟು. ಆ ಹೊತ್ತಿಗೆ ಅವನ ಸಮೀಪದಲ್ಲಿ ಜಯಘೋಷವಿರುವುದಿಲ್ಲ, ಗುರುವೂ ಇರುವುದಿಲ್ಲ. "ಬಿಟ್ಟದ್ದರಿಂದಲೇ ಈ ರೋಗ ಬಂದಿತು" ಎಂದು ಅವನ ಮನಸ್ಸು ಅವನಿಗೆ ಹೇಳುತ್ತದೆ. ನೆರೆಯವನ ಹತ್ತಿರ ಒಂದು ಬೀಡಿಯನ್ನು ಬೇಡಿ ಸೇದುತ್ತಾನೆ.

ಬೀಡಿಯ ಕಥೆ ಅಲ್ಲಿಗೆ ಮುಗಿದರೂ ಭಕ್ತನ ಕಥೆ ಮುಗಿಯುವುದಿಲ್ಲ. ಗುರುವಿಗೆ ಕೊಟ್ಟ ಮಾತು ತಪ್ಪಿತೆಂಬ ನಾಚಿಕೆಯಿಂದ ಅವನು ಮುಂದಿನ ಸೋಮವಾರ ಮಠಕ್ಕೆ ಬರುವುದಿಲ್ಲ. ಅದರ ಮುಂದಿನ ಸೋಮವಾರವೂ ಬರುವುದಿಲ್ಲ. ಬಿಡಬೇಕಾಗಿದ್ದ ಬೀಡಿ ಉಳಿಯಿತು. ಬಿಡಬಾರದಾಗಿದ್ದ ಮಠವು ಬಿಟ್ಟುಹೋಯಿತು. ಈ ಹಾನಿಯು ಮೊದಲಿನ ಹಾನಿಗಿಂತ ದೊಡ್ಡದು. ಇದಕ್ಕೆ ಕಾರಣವು ಅವನ ದುಷ್ಟತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಮುಂದೆ ಏನು ಬರುವುದೆಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲವೆಂಬುದೇ ಕಾರಣ. ಜಾತ್ರೆಗೆ ಹೋಗುವವನಿಗೆ ದಾರಿಯಲ್ಲಿ ಹಳ್ಳವಿದೆಯೆಂದು ಹೇಳಿದರೆ ಅವನು ಧೋತರವನ್ನು ಎತ್ತಿ ಕಟ್ಟಿಕೊಂಡು ದಾಟುತ್ತಾನೆ. ಹೇಳದಿದ್ದರೆ ನೀರನ್ನು ಕಂಡು ಹಿಂದಿರುಗುತ್ತಾನೆ. ಆದುದರಿಂದ ಆ ಹಳ್ಳದ ಆಳವೆಷ್ಟು, ಅಗಲವೆಷ್ಟು, ಆಚೆಯ ದಡ ಎಲ್ಲಿದೆ ಎಂಬುದನ್ನು ನಿರೂಪಿಸುವುದೇ ಈ ಉಪನ್ಯಾಸದ ಉದ್ದೇಶವು.

ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುವ ಪದ್ಧತಿಯು ಕನ್ನಡನಾಡಿನಲ್ಲಿ ಪ್ರಸಿದ್ಧವಾದುದು ಇಳಕಲ್ಲಿನ ಪೂಜ್ಯರಿಂದ. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾಕ್ಟರ್ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಮಹಾಂತ ಜೋಳಿಗೆಯನ್ನು ಹೆಗಲಿಗೇರಿಸಿ ಹೊರಟರು. ಕಾಳು ಕಾಸುಗಳನ್ನು ಬೇಡದೆ ಜನರ ಕುಡಿತವನ್ನೂ ಬೀಡಿಯನ್ನೂ ತಂಬಾಕನ್ನೂ ಅವರು ಬೇಡಿದರು. ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯನ್ನು ಅವರು ಇಳಿಸಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಭಕ್ತನ ಮನೆಯ ಅನ್ನವನ್ನು ಸ್ವೀಕರಿಸಿ ಜಂಗಮನು ಅವನನ್ನು ಹರಸುವುದು ಸಂಪ್ರದಾಯ. ಭಕ್ತನ ವಿಷವನ್ನು ಸ್ವೀಕರಿಸಿ ಹರಸಿದುದು ಆ ಜೋಳಿಗೆಯ ವೈಶಿಷ್ಟ್ಯ. ಜೋಳಿಗೆಗೆ ಬಿದ್ದ ವಸ್ತುವು ಮರಳಿ ಭಕ್ತನ ಕೈಗೆ ಹೋಗದಂತೆ ಕಾಯುವ ಹೊಣೆಯು ಇನ್ನು ಮಠದ್ದೂ ಮನೆಯವರದೂ ಊರಿನದೂ ಆಗಿದೆ.

ಕೆಲವು ಹಿರಿಯರು, "ಹೊಗೆಸೊಪ್ಪು ಅಜ್ಜ ಮುತ್ತಜ್ಜರ ಕಾಲದಿಂದ ಬಂದುದು, ಮನೆಗೆ ಬಂದವರಿಗೆ ಕೊಡುವುದು ಮರ್ಯಾದೆ" ಎಂದು ಹೇಳುವುದುಂಟು. ಇದು ವಿಚಾರಾರ್ಹವಾದ ಮಾತು. ಬಸವಾದಿ ಪ್ರಮಥರು ಕಲ್ಯಾಣದಲ್ಲಿ ಅನುಭಾವಗೋಷ್ಠಿಯನ್ನು ನಡೆಸಿದುದು ಹನ್ನೆರಡನೆಯ ಶತಮಾನದಲ್ಲಿ. ತಂಬಾಕಿನ ಗಿಡವು ಆಗ ಸಮುದ್ರದಾಚೆಯ ಅಮೇರಿಕಾ ಖಂಡದಲ್ಲಿ ಮಾತ್ರ ಬೆಳೆಯುತ್ತಿತ್ತು. ೧೪೯೨ರಲ್ಲಿ ಕೊಲಂಬಸನು ಅಲ್ಲಿಗೆ ಹೋದ ಮೇಲೆಯೇ ಅದು ಉಳಿದ ಲೋಕಕ್ಕೆ ತಿಳಿದುಬಂದಿತು. ಪೋರ್ತುಗೀಜರು ಅದನ್ನು ಈ ದೇಶಕ್ಕೆ ತಂದರು. ೧೬೦೪ರ ಸುಮಾರಿಗೆ ಅಕಬರ ಬಾದಶಹನ ದೂತನಾದ ಅಸದ ಬೇಗನು ವಿಜಾಪುರಕ್ಕೆ ಬಂದು, ಅಲ್ಲಿ ತಂಬಾಕನ್ನು ಕಂಡು, ಅದನ್ನು ಸೇದುವ ನಳಿಕೆಯ ಸಹಿತವಾಗಿ ಬಾದಶಹನ ಆಸ್ಥಾನಕ್ಕೆ ಒಯ್ದನು. ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಆದರೂ ಅದು ನಿಲ್ಲಲಿಲ್ಲ. ಆದುದರಿಂದ ಇದು ಶರಣರ ಪರಂಪರೆಯಲ್ಲ, ಋಷಿಗಳ ಪರಂಪರೆಯೂ ಅಲ್ಲ. ನಾಲ್ಕು ನೂರು ವರ್ಷಗಳ ಹಿಂದೆ ಬಂದು ಅತಿಥಿಯಾಗಿ ಕುಳಿತು ಯಜಮಾನನಾದ ಒಂದು ಸೊಪ್ಪು.

ಈ ಸೊಪ್ಪು ಯಜಮಾನನಾಗುವ ಬಗೆಯನ್ನು ತಿಳಿಯದೆ ಬಿಡುವ ಬಗೆಯು ತಿಳಿಯಲಾರದು. ಬೀಡಿಯ ಹೊಗೆಯಲ್ಲಿ ನಿಕೋಟಿನ್ ಎಂಬ ದ್ರವ್ಯವಿದೆ. ಹೊಗೆಯನ್ನೆಳೆದ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಅದು ಶ್ವಾಸಕೋಶದಿಂದ ರಕ್ತಕ್ಕೂ ರಕ್ತದಿಂದ ಮೆದುಳಿಗೂ ಹೋಗಿ ಮುಟ್ಟುತ್ತದೆ. ಅಲ್ಲಿ ಅದು ತಾಗತಕ್ಕ ಸೂಕ್ಷ್ಮಸ್ಥಾನಗಳಿವೆ. ತಾಗಿದ ಕೂಡಲೆ ಹಿತವನ್ನುಂಟುಮಾಡುವ ರಸವು ಒಸರುತ್ತದೆ. ದಿನದಿನವೂ ಸೇದುವವನಲ್ಲಿ ಈ ಸ್ಥಾನಗಳ ಸಂಖ್ಯೆಯು ಹೆಚ್ಚುತ್ತದೆ. ರಕ್ತದಲ್ಲಿಯ ನಿಕೋಟಿನ್ ಸುಮಾರು ಎರಡು ತಾಸಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ಹೆಚ್ಚಿದ ಸ್ಥಾನಗಳು ಬರಿದಾಗಿ ಕೂಗಿಡುತ್ತವೆ. ಆ ಕೂಗೇ ಚಡಪಡಿಕೆ. ಮುಂದಿನ ಬೀಡಿಯು ಆ ಕೂಗನ್ನು ಅಡಗಿಸುತ್ತದೆ; ಸೇದುವವನು ಅದನ್ನು ಸುಖವೆಂದು ತಿಳಿಯುತ್ತಾನೆ. ಸಾಹುಕಾರನಿಂದ ಹೊಸ ಸಾಲವನ್ನು ತಂದು ಹಳೆಯ ಸಾಲದ ಬಡ್ಡಿಯನ್ನು ಕಟ್ಟಿದವನು ಆ ಸಾಯಂಕಾಲ ನಿಶ್ಚಿಂತನಾದೆನೆಂದು ಭಾವಿಸಿದ ಹಾಗೆ ಇದು.

ದೇಹದ ಕಟ್ಟು ಇಂಥದಾದರೆ, ಅಭ್ಯಾಸದ ಕಟ್ಟು ಬೇರೊಂದಿದೆ. ದಿನಕ್ಕೆ ಇಪ್ಪತ್ತು ಬೀಡಿ, ಒಂದೊಂದಕ್ಕೆ ಹತ್ತು ಸಲ ಹೊಗೆಯನ್ನೆಳೆಯುವುದೆಂದು ಲೆಕ್ಕ ಹಿಡಿದರೆ, ಕೈಯು ವರ್ಷಕ್ಕೆ ೭೩,೦೦೦ ಸಲ ಬಾಯಿಯ ಹತ್ತಿರಕ್ಕೆ ಹೋಗಿ ಬರುತ್ತದೆ. ಇಪ್ಪತ್ತು ವರ್ಷಕ್ಕೆ ೧೪,೬೦,೦೦೦ ಸಲ. ಯಾವ ಮಂತ್ರವನ್ನೂ ಆ ಭಕ್ತನು ಇಷ್ಟು ಸಲ ಜಪಿಸಿರಲಾರನು. ಶಾಸ್ತ್ರವು ವಾಸನೆಯೆಂದೂ ಸಂಸ್ಕಾರವೆಂದೂ ಕರೆಯುವುದು ಇದನ್ನೇ. ವಿಭೂತಿಯನ್ನು ಧರಿಸುವ ಬಲಗೈಯ ಬೆರಳುಗಳೇ ಬೀಡಿಯನ್ನು ಹಿಡಿಯುವುವು. ಯಾವ ಬೂದಿಯು ಬಲವಾಗಿ ಅಂಟಿಕೊಂಡಿದೆಯೆಂಬುದು ಬಿಡುವ ದಿನ ಗೊತ್ತಾಗುತ್ತದೆ.

ಷಟ್‌ಸ್ಥಲಶಾಸ್ತ್ರದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿಯನ್ನೂ ಮಹೇಶನಿಗೆ ನಿಷ್ಠಾಭಕ್ತಿಯನ್ನೂ ಪ್ರಸಾದಿಗೆ ಅವಧಾನಭಕ್ತಿಯನ್ನೂ ಹೇಳಿದೆ. ಧೂಮಪಾನತ್ಯಾಗದ ಹಾದಿಯಲ್ಲಿಯೂ ಈ ಮೂರು ಮೆಟ್ಟಿಲುಗಳನ್ನು ಕಾಣಬಹುದು. ಜೋಳಿಗೆಗೆ ಹಾಕುವುದಕ್ಕೆ ಶ್ರದ್ಧೆ ಸಾಕು. ಮೊದಲಿನ ದಿನಗಳನ್ನು ದಾಟುವುದಕ್ಕೆ ನಿಷ್ಠೆ ಬೇಕು. ಮುಂದಿನ ತಿಂಗಳುಗಳಿಗೆ ಅವಧಾನ ಬೇಕು.

ಮೊದಲಿನ ದಿನ ದೇಹದೊಳಗೆ ನಡೆಯುವುದೆಲ್ಲವೂ ಶುಭವೇ. ಕೊನೆಯ ಬೀಡಿಯನ್ನು ಆರಿಸಿದ ಇಪ್ಪತ್ತು ನಿಮಿಷಗಳಲ್ಲಿ ನಾಡಿಯ ವೇಗವು ಇಳಿಯತೊಡಗುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡೆಂಬ ವಿಷಾನಿಲವಿದ್ದು, ಪ್ರಾಣವಾಯುವನ್ನು ಹೊರತಕ್ಕ ರಕ್ತಕಣಗಳನ್ನು ಅದು ಆಕ್ರಮಿಸಿಕೊಂಡಿರುತ್ತದೆ. ಸುಮಾರು ಹನ್ನೆರಡು ತಾಸುಗಳಲ್ಲಿ ಅದರ ಪ್ರಮಾಣವು ಸಹಜಸ್ಥಿತಿಗೆ ಇಳಿಯುತ್ತದೆ. ಆದರೆ ಈ ಶುಭವು ಭಕ್ತನ ಅರಿವಿಗೆ ಬರುವುದಿಲ್ಲ. ಅರಿವಿಗೆ ಬರುವುದು ಕೆಲವು ತಾಸುಗಳಲ್ಲಿಯೇ ಆರಂಭವಾಗುವ ಬಯಕೆ ಮಾತ್ರ. ಗುಣವು ಮರೆಯಲ್ಲಿ, ವೇದನೆಯು ಎದುರಿನಲ್ಲಿ. ಆ ದಿನದ ಮೋಸವೆಲ್ಲ ಇಷ್ಟೇ.

ಎರಡನೆಯ ಹಾಗೂ ಮೂರನೆಯ ದಿನಗಳಲ್ಲಿ ವೇದನೆಯು ತುತ್ತತುದಿಗೆ ಮುಟ್ಟುತ್ತದೆ. ಕಾರಣವಿಲ್ಲದ ಸಿಟ್ಟು, ಆತಂಕ, ಕುಳಿತಲ್ಲಿ ಕುಳಿತಿರಲಾಗದಿರುವುದು, ಏಕಾಗ್ರತೆಯ ನಾಶ, ತಲೆನೋವು, ತಲೆ ಹಗುರವಾದಂತಾಗುವುದು, ರಾತ್ರಿ ಪದೇ ಪದೇ ಎಚ್ಚರವಾಗುವುದು, ಹಸಿವಿನ ಹೆಚ್ಚಳ, ಮಲಬದ್ಧತೆ, ಕೆಲವರಲ್ಲಿ ಬಾಯಿಹುಣ್ಣು: ಇವೆಲ್ಲವೂ ಬರಬಹುದು, ಕೆಲವು ಮಾತ್ರ ಬರಬಹುದು, ಅದೃಷ್ಟವಂತರಿಗೆ ಏನೂ ಬಾರದೆಯೂ ಇರಬಹುದು. ಮೊದಲಿನ ವಾರ ಕಳೆದ ಮೇಲೆ ಇವು ಇಳಿಮುಖವಾಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತವೆ. ಮೆದುಳಿನಲ್ಲಿ ಹೆಚ್ಚಿದ್ದ ಸ್ಥಾನಗಳು ಕೆಲವು ವಾರಗಳಲ್ಲಿ ತಗ್ಗುವುದೇ ಇದಕ್ಕೆ ಕಾರಣ. ತಂಬಾಕನ್ನು ಒಮ್ಮೆಲೆ ಬಿಟ್ಟದ್ದರಿಂದ ಬರುವ ಈ ಕಷ್ಟದಿಂದ ಪ್ರಾಣಾಪಾಯವಿಲ್ಲವೆಂಬುದನ್ನು ಮನೆಯವರು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಜೋಳಿಗೆಗೆ ಬೀಡಿಯ ಸಂಗಡ ಮದ್ಯವನ್ನೂ ಹಾಕುವವರಿದ್ದಾರೆ. ಬಹುಕಾಲ ದಿನಾಲು ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೆ ನಿಲ್ಲಿಸಿದರೆ ಅಪಸ್ಮಾರದ ಸೆಳೆತವೂ ಬುದ್ಧಿಭ್ರಮೆಯೂ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಅಂಥವನು ವೈದ್ಯರ ಕಣ್ಣೆದುರಿನಲ್ಲಿಯೇ ಬಿಡತಕ್ಕದ್ದು. ಅಂತೆಯೇ ಎದೆನೋವು, ಕಫದಲ್ಲಿ ರಕ್ತ, ಮಾಯದ ಬಾಯಿಹುಣ್ಣು ಇವುಗಳನ್ನು "ಬೀಡಿ ಬಿಟ್ಟದ್ದರ ಫಲ" ಎಂದು ತಿಳಿದು ಸುಮ್ಮನಿರಬಾರದು. ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಬಯಕೆಯ ಸ್ವರೂಪವನ್ನು ತಿಳಿಯತಕ್ಕದ್ದು. ಬಿಟ್ಟವನಿಗೆ ಅದು ಮುಗಿಯದ ಹೊಳೆಯ ಪ್ರವಾಹದಂತೆ ತೋರುತ್ತದೆ. ವಾಸ್ತವವಾಗಿ ಅದು ಅಲೆ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಬಹುತೇಕ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಕೊರಳಲ್ಲಿ ರುದ್ರಾಕ್ಷಿಯನ್ನು ಧರಿಸಿದವನಿಗೆ ಈ ಕಾಲವನ್ನಳೆಯುವ ಸಾಧನವು ಹತ್ತಿರದಲ್ಲಿಯೇ ಇದೆ. ಪಂಚಾಕ್ಷರಿಯನ್ನು ನಿಧಾನವಾಗಿ ನೂರೆಂಟು ಸಲ ಜಪಿಸಲು ಐದಾರು ನಿಮಿಷಗಳು ಬೇಕು. ಮಾಲೆಯು ಒಂದು ಸುತ್ತು ಮುಗಿಯುವುದರೊಳಗಾಗಿ ಅಲೆಯು ತಗ್ಗಿರುತ್ತದೆ. ತಗ್ಗದಿದ್ದರೆ ಇನ್ನೊಂದು ಸುತ್ತು. ದಿನವಿಡೀ ಸೇದದಿರುವೆನೆಂಬ ಭಾರವನ್ನು ಹೊರುವುದಕ್ಕಿಂತ ಈ ಮಾಲೆ ಮುಗಿಯುವವರೆಗೆ ಸೇದೆನೆಂಬ ಭಾರವು ಹಗುರ. ಅಂಥ ಹಗುರವಾದ ಭಾರಗಳಿಂದಲೇ ದಿನವು ಕಳೆಯುತ್ತದೆ.

ಆಹಾರದಲ್ಲಿಯೂ ಕೆಲವು ಸೂಕ್ಷ್ಮಗಳಿವೆ. ಹಸಿವು ಹೆಚ್ಚುವುದೂ ನಾಲಗೆಗೆ ರುಚಿ ಮರಳುವುದೂ ಕೂಡಿ, ಬಿಟ್ಟವರ ದೇಹತೂಕವು ಒಂದು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋಗ್ರಾಮಿನಷ್ಟು ಏರುವುದುಂಟು. ಬೀಡಿಯ ಅಪಾಯದೆದುರಿನಲ್ಲಿ ಈ ತೂಕವು ಅಲ್ಪ. ಹಸಿವೂ ಬೀಡಿಯ ಬಯಕೆಯೂ ಒಂದರ ವೇಷವನ್ನು ಮತ್ತೊಂದು ಧರಿಸುವುದರಿಂದ ಆ ಮೊದಲ ವಾರದಲ್ಲಿ ಕಠಿಣ ಉಪವಾಸವ್ರತವನ್ನು ಕೂಡಿಸಿಕೊಳ್ಳದಿರುವುದು ಲೇಸು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ತೊಗರಿಬೇಳೆ, ಮಜ್ಜಿಗೆ, ಧಾರಾಳವಾಗಿ ನೀರು ಇವು ಮಲಬದ್ಧತೆಗೂ ಹಿತ. ಬಾಯಿಗೆ ಏನಾದರೂ ಬೇಕೆಂದಾಗ ಹುರಿದ ಕಡಲೆ, ಸೋಂಪು, ಏಲಕ್ಕಿಗಳನ್ನು ಜಗಿಯಬಹುದು. ಚಹದ ವಿಷಯದಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿಯೊಂದಿದೆ. ಬೀಡಿಯ ಹೊಗೆಯು ಚಹದ ಸತ್ತ್ವವನ್ನು ದೇಹದಿಂದ ಬೇಗನೆ ಕಳೆಯುವಂತೆ ಮಾಡುತ್ತಿರುತ್ತದೆ. ಹೊಗೆ ನಿಂತ ಮೇಲೆ ಅಷ್ಟೇ ಚಹವು ದೇಹದಲ್ಲಿ ಹೆಚ್ಚು ಹೊತ್ತು ನಿಂತು ಎದೆಬಡಿತವನ್ನೂ ನಿದ್ರಾನಾಶವನ್ನೂ ತರುತ್ತದೆ. ಆದುದರಿಂದ ನಾಲ್ಕು ಬಟ್ಟಲು ಕುಡಿಯುವವನು ಎರಡಕ್ಕಿಳಿಸತಕ್ಕದ್ದು. ಮಧುಮೇಹ, ಉಬ್ಬಸ, ಮನೋರೋಗ ಇವುಗಳಿಗೆ ಔಷಧ ಸೇವಿಸುತ್ತಿರುವವರು ಬೀಡಿ ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು. ಕೆಲವು ಔಷಧಗಳ ಪ್ರಮಾಣವನ್ನು ಬದಲಿಸಬೇಕಾಗುತ್ತದೆ.

ಬಿಟ್ಟ ಕೆಲವು ದಿನಗಳಲ್ಲಿ ಕೆಮ್ಮು ಮೊದಲಿಗಿಂತ ಹೆಚ್ಚಾದರೆ ಭಕ್ತನು ದಿಗಿಲುಗೊಳ್ಳುವುದು ಸಹಜ. ಶ್ವಾಸನಾಳಗಳ ಒಳಗೋಡೆಯಲ್ಲಿ ಸೂಕ್ಷ್ಮವಾದ ರೋಮಗಳಿದ್ದು, ಕಫವನ್ನೂ ಧೂಳನ್ನೂ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಹೊಗೆಯು ಅವುಗಳನ್ನು ಮಂಕುಗೊಳಿಸಿರುತ್ತದೆ; ಹೊಗೆ ನಿಂತ ಮೇಲೆ ಅವು ಚೇತರಿಸಿಕೊಂಡು ಗುಡಿಸತೊಡಗುತ್ತವೆ. ಬಹುಕಾಲ ಬಾಗಿಲು ಮುಚ್ಚಿದ್ದ ಗುಡಿಯನ್ನು ಗುಡಿಸುವಾಗ ಧೂಳೇಳುವುದು ಗುಡಿಯ ದೋಷವಲ್ಲ. ಒಂದರಿಂದ ಒಂಬತ್ತು ತಿಂಗಳುಗಳ ಅವಧಿಯಲ್ಲಿ ಕೆಮ್ಮೂ ಏದುಸಿರೂ ಕಡಿಮೆಯಾಗುತ್ತವೆ.

ಮನಸ್ಸಿನ ವಿಕಾರಗಳು ದೇಹದವುಗಳಿಗಿಂತ ಗಹನವಾದವು. ಇಪ್ಪತ್ತು ವರ್ಷ ಬೆಳಗಿನ ಮೊದಲ ಕೆಲಸದಲ್ಲಿಯೂ ರಾತ್ರಿಯ ಕೊನೆಯ ಕೆಲಸದಲ್ಲಿಯೂ ಜತೆಗಿದ್ದುದು ಒಮ್ಮೆಲೆ ಇಲ್ಲವಾದರೆ, ಅದು ಶತ್ರುವೇ ಆಗಿದ್ದರೂ, ಮನೆಯಲ್ಲಿ ಒಬ್ಬರು ತೀರಿಹೋದಂಥ ಶೂನ್ಯತೆಯು ಆವರಿಸುತ್ತದೆ. ಕಾರಣವಿಲ್ಲದೆ ಕಣ್ಣೀರು ಬಂದ ಗಂಡಸರೂ ಉಂಟು. ಇದನ್ನು ಹೇಡಿತನವೆಂದು ಹಳಿಯಬಾರದು. ಬೀಡಿಯು ಚಿಂತೆಯನ್ನು ಕಳೆಯುತ್ತಿತ್ತೆಂಬುದು ಬಿಟ್ಟವನ ಮನಸ್ಸು ಹೂಡುವ ದೊಡ್ಡ ವಾದ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಸಂಶೋಧಕರು ೨೦೧೪ರಲ್ಲಿ ಇದಕ್ಕೆ ವಿರುದ್ಧವಾದುದನ್ನೇ ಪ್ರಕಟಿಸಿದರು: ಬಿಟ್ಟು ಕೆಲವು ವಾರ ಕಳೆದವರಲ್ಲಿ ಆತಂಕವೂ ಖಿನ್ನತೆಯೂ ಒತ್ತಡವೂ, ಸೇದುತ್ತಲೇ ಉಳಿದವರಿಗೆ ಹೋಲಿಸಿದರೆ, ಕಡಿಮೆಯಾದುವು. ಚಿಂತೆಯ ಒಂದು ಪಾಲನ್ನು ಹುಟ್ಟಿಸುತ್ತಿದ್ದುದು ಬೀಡಿಯೇ ಎಂದಂತಾಯಿತು. ಆದರೂ ಖಿನ್ನತೆಯು ವಾರಗಟ್ಟಲೆ ಆಳವಾಗುತ್ತ ಹೋದರೆ, ಜೀವನವೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ಅದು ಜಪದಿಂದ ಮಾತ್ರ ನೀಗುವಂಥದಲ್ಲ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಸ್ವಪ್ನವಿಷಯವಾಗಿ ಒಂದು ಸಂದೇಹವನ್ನು ಭಕ್ತರು ಎತ್ತುವುದುಂಟು. ಬಿಟ್ಟ ಮೇಲೆ ಕನಸಿನಲ್ಲಿ ಬೀಡಿ ಸೇದಿದಂತಾಗಿ, ಎಚ್ಚೆತ್ತು ವ್ರತಭಂಗವಾಯಿತೆಂದು ಪರಿತಪಿಸುತ್ತಾರೆ. ಇಂಥ ಕನಸು ಬಿಟ್ಟವರಲ್ಲಿ ಸಾಮಾನ್ಯವೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. ವ್ರತವನ್ನು ಸಂಕಲ್ಪಿಸಿದುದು ಎಚ್ಚರದಲ್ಲಿ. ಅದು ಮುರಿಯುವುದೂ ಎಚ್ಚರದಲ್ಲಿಯೇ. ಕನಸಿನಲ್ಲಿ ಸೇದಿ ಪರಿತಪಿಸಿದವನ ನಿಷ್ಠೆಯು ನಿದ್ರೆಯಲ್ಲಿಯೂ ಕಾವಲಿತ್ತೆಂದು ತಿಳಿಯತಕ್ಕದ್ದು.

ಒಂದು ತಿಂಗಳು ಕಳೆದ ಮೇಲೆ ದೇಹದ ಕೂಗು ನಿಲ್ಲುತ್ತದೆ. ವಾಸನೆಯ ಕೂಗು ನಿಲ್ಲುವುದಿಲ್ಲ. ಅವಧಾನದ ಕಾಲವು ಇಲ್ಲಿಂದ ಆರಂಭ. ಊಟವಾದ ಕೂಡಲೆ, ಚಹದ ಅಂಗಡಿಯಲ್ಲಿ, ಬಸ್ಸಿಗೆ ಕಾಯುವಾಗ, ಕೋರ್ಟು ಕಚೇರಿಯ ಕಟ್ಟೆಯ ಮೇಲೆ ಅದು ಹೊಂಚಿ ಕುಳಿತಿರುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬಂಧುಗಳೊಡನೆ ಸಜ್ಜೆಯ ರೊಟ್ಟಿ ಭಜ್ಜಿಗಳನ್ನುಂಡು ಮರದ ನೆರಳಿನಲ್ಲಿ ಒರಗಿದಾಗ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಹಳೆಯ ಗೆಳೆಯರು ಕೂಡಿದಾಗ, ಸಾವಿನ ಮನೆಯ ಅಂಗಳದಲ್ಲಿ ರಾತ್ರಿ ಕುಳಿತಾಗ, "ಒಂದೇ ಒಂದು" ಎಂಬ ಮಾತು ಬರುತ್ತದೆ. ಆ ಒಂದರ ಬೆನ್ನಿಗೆ ಇಡೀ ಕಟ್ಟು ಇರುತ್ತದೆ. ಇನ್ನು ಕೆಲವರು ಬೀಡಿಯನ್ನು ಬಿಟ್ಟೆವೆಂದು ಹೇಳಿ, ಅಂಗೈಯಲ್ಲಿ ತಂಬಾಕು ಸುಣ್ಣಗಳನ್ನು ತಿಕ್ಕಿ ತುಟಿಯ ಒಳಗಿಟ್ಟುಕೊಳ್ಳುತ್ತಾರೆ. ಇದು ಮುಂಬಾಗಿಲಿನಿಂದ ಕಳುಹಿದವನನ್ನು ಹಿತ್ತಲಿನಿಂದ ಕರೆತಂದಂತೆ. ಬೀಡಿಯು ಎಲೆಯಲ್ಲಿ ಸುತ್ತಿದುದಾದುದರಿಂದ ಸಿಗರೇಟಿಗಿಂತ ಸೌಮ್ಯವೆಂಬುದೂ ತಪ್ಪುಗ್ರಹಿಕೆ. ಅದರ ಹೊಗೆಯಲ್ಲಿ ನಿಕೋಟಿನ್ನೂ ವಿಷಾನಿಲವೂ ಕಡಿಮೆಯಿಲ್ಲ.

ಎಷ್ಟು ಎಚ್ಚರವಿದ್ದರೂ ಬೀಳುವವರು ಬೀಳುತ್ತಾರೆ. ಯಾರ ಸಹಾಯವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೆ ನಿಲ್ಲುವವರು ಮೂರರಿಂದ ಐವರು ಮಾತ್ರ. ಬಹಳ ಜನರು ಬೀಳುವುದು ಮೊದಲಿನ ಎಂಟು ದಿನಗಳಲ್ಲಿಯೇ. ಈ ಲೆಕ್ಕವನ್ನು ಕೇಳಿ ಎದೆಗುಂದಬಾರದು. ಇಂದು ಶಾಶ್ವತವಾಗಿ ಬಿಟ್ಟವರಲ್ಲಿ ಬಹುಪಾಲು ಜನರು ಹಲವು ಸಲ ಬಿದ್ದು ಎದ್ದವರೇ. ಬಿದ್ದವನು ಮಠದ ಮುಂದಿನ ದಾರಿಯನ್ನು ತಪ್ಪಿಸಿ ನಡೆಯಲಾರಂಭಿಸಿದರೆ, ಗುರುವು ಅವನನ್ನು ಕರೆದು ಹೀಗೆ ಕೇಳತಕ್ಕದ್ದು: "ಬಾರಪ್ಪಾ, ಯಾಕೆ ಬಿದ್ದೆಯೆಂದು ಕೇಳುವುದಿಲ್ಲ. ಎಲ್ಲಿ ಬಿದ್ದೆ, ಯಾವ ಹೊತ್ತಿನಲ್ಲಿ ಬಿದ್ದೆ, ಯಾರ ಸಂಗಡ ಇದ್ದಾಗ ಬಿದ್ದೆ, ಅಷ್ಟನ್ನು ಹೇಳು." ಮೊದಲಿನ ಪ್ರಶ್ನೆಯು ನಾಚಿಕೆಯನ್ನು ಹೆಚ್ಚಿಸುವುದು, ಎರಡನೆಯದು ದಾರಿಯಲ್ಲಿಯ ಹಳ್ಳವನ್ನು ತೋರಿಸುವುದು. ಜೋಳಿಗೆಗೆ ಒಂದೇ ಸಲ ಹಾಕಬೇಕೆಂಬ ನಿಯಮವನ್ನು ಯಾವ ಗುರುವೂ ಮಾಡಿಲ್ಲ. ಎರಡನೆಯ ಸಲ ತಂದ ಕಟ್ಟನ್ನೂ ಅದೇ ಪ್ರೀತಿಯಿಂದ ಸ್ವೀಕರಿಸುವುದರಲ್ಲಿಯೇ ಜೋಳಿಗೆಯ ಗೌರವವಿದೆ.

ಮನೆಯವರ ಕರ್ತವ್ಯವೂ ಕಡಿಮೆಯದಲ್ಲ. ಬಿಟ್ಟವನ ಸಿಟ್ಟನ್ನು ನಾಲ್ಕು ವಾರ ಜ್ವರದ ಕನವರಿಕೆಯೆಂದು ತಾಳಿಕೊಳ್ಳತಕ್ಕದ್ದು. ಆದರೆ ಕೈಯೆತ್ತುವುದನ್ನು ತಾಳಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಮನೆಯಲ್ಲಿರುವ ಬೀಡಿ, ಕಡ್ಡಿಪೆಟ್ಟಿಗೆ, ಬೂದಿಯ ಬಟ್ಟಲುಗಳನ್ನು ಹಿಂದಿನ ದಿನವೇ ಹೊರಗೆ ಹಾಕತಕ್ಕದ್ದು. "ನಿನ್ನಿಂದ ಆಗುವುದಿಲ್ಲ" ಎಂಬ ಮಾತನ್ನು ಯಾರೂ ಆಡಬಾರದು. ಮನೆಯಲ್ಲಿ ಸೇದುವ ಮತ್ತೊಬ್ಬ ಸಹೋದರನಿದ್ದರೆ, ಬಿಟ್ಟವನ ಎದುರಿನಲ್ಲಿ ಸೇದದಿರುವುದು ಅವನ ಕನಿಷ್ಠ ಧರ್ಮ. ಜೊತೆಗೂಡಿ ಬಿಡುವುದು ಉತ್ತಮ ಧರ್ಮ.

ಔಷಧದ ಸಹಾಯವನ್ನು ಪಡೆದರೆ ವ್ರತಕ್ಕೆ ಕುಂದೆಂದು ಕೆಲವರು ಶಂಕಿಸುತ್ತಾರೆ. ನಿಕೋಟಿನ್ನನ್ನೇ ಅಲ್ಪಪ್ರಮಾಣದಲ್ಲಿಟ್ಟ ಜಗಿಯುವ ಗೋಂದು, ಚರ್ಮಕ್ಕೆ ಅಂಟಿಸುವ ಪಟ್ಟಿ, ವೈದ್ಯರು ಬರೆದುಕೊಡುವ ಗುಳಿಗೆಗಳು ಇಂದು ದೊರೆಯುತ್ತವೆ. ಗೋಂದಿನಲ್ಲಿ ಸಾಮಾನ್ಯವಾಗಿ ಎರಡು ಇಲ್ಲವೆ ನಾಲ್ಕು ಮಿಲಿಗ್ರಾಮು ಇರುತ್ತದೆ; ಸುಮಾರು ಮೂರು ತಿಂಗಳಲ್ಲಿ ಕ್ರಮೇಣ ಇಳಿಸಿ ನಿಲ್ಲಿಸುವುದು ವಿಧಾನ. ಕ್ಯಾನ್ಸರನ್ನು ತರುವ ಹೊಗೆಯೂ ಡಾಂಬರದಂಥ ಮಲಿನವೂ ಅದರಲ್ಲಿಲ್ಲ. ಕಾಲು ಮುರಿದವನು ಊರುಗೋಲನ್ನು ಹಿಡಿದು ಗುಡಿಗೆ ಬಂದರೆ ಅವನ ದರ್ಶನವು ಅಪೂರ್ಣವೆಂದು ಯಾರೂ ಹೇಳುವುದಿಲ್ಲ. ಔಷಧ ಹಾಗೂ ಸಲಹೆ ಎರಡೂ ಕೂಡಿದಾಗ ಗೆಲ್ಲುವವರ ಸಂಖ್ಯೆಯು ಹೆಚ್ಚುತ್ತದೆಂಬುದು ಸಿದ್ಧವಾಗಿದೆ. ದೂರವಾಣಿಯಲ್ಲಿ ಸಲಹೆ ಕೊಡುವ ರಾಷ್ಟ್ರೀಯ ವ್ಯವಸ್ಥೆಯೊಂದಿದ್ದು, ಅದರ ಉಚಿತಸಂಖ್ಯೆ ೧೮೦೦-೧೧-೨೩೫೬. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಮೂರನೆಯ ದಿನ ಗುರುವು ಸಮೀಪದಲ್ಲಿಲ್ಲದಾಗ ಆ ಧ್ವನಿಯೂ ಒಂದು ಆಸರೆ.

೨೦೧೬-೧೭ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ೨೨.೮ರಷ್ಟು ಜನರು ಒಂದಿಲ್ಲೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಸುಮಾರು ಐವರಲ್ಲಿ ಒಬ್ಬರಿಗಿಂತ ಹೆಚ್ಚಾಯಿತು. "ವಯಸ್ಸಾಯಿತು, ಇನ್ನು ಬಿಟ್ಟು ಏನು ಫಲ?" ಎಂದು ಅವರಲ್ಲಿಯ ಹಿರಿಯರು ಕೇಳುವುದುಂಟು. ಇದಕ್ಕೆ ಉತ್ತರವನ್ನು ಕೊಟ್ಟವರು ಇಂಗ್ಲಂಡಿನ ವೈದ್ಯರಾದ ರಿಚರ್ಡ್ ಡಾಲ್ ಅವರು. ೧೯೫೧ರಿಂದ ಐವತ್ತು ವರ್ಷ ೩೪,೪೩೯ ಪುರುಷವೈದ್ಯರ ಜೀವನವನ್ನು ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರೆಂದು ಕಂಡುಬಂದಿತು. ಮೂವತ್ತರ ವಯಸ್ಸಿನಲ್ಲಿ ಬಿಟ್ಟವರು ಆ ಹತ್ತೂ ವರ್ಷಗಳನ್ನು, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನು, ಐವತ್ತರಲ್ಲಿ ಬಿಟ್ಟವರು ಆರನ್ನು, ಅರವತ್ತರಲ್ಲಿ ಬಿಟ್ಟವರು ಸಹ ಮೂರನ್ನು ಮರಳಿ ಪಡೆದರು. ಬಿಟ್ಟ ಒಂದು ವರ್ಷಕ್ಕೆ ಸೇದುವವನಿಗಿರುವ ಹೃದ್ರೋಗದ ಭಯವು ಸುಮಾರು ಅರ್ಧಕ್ಕಿಳಿಯುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಭಯವೂ ಸುಮಾರು ಅರ್ಧಕ್ಕಿಳಿಯುತ್ತದೆ. ಅರವತ್ತರ ಅಜ್ಜನಿಗೆ ಮೂರು ವರ್ಷವೆಂದರೆ ಮೊಮ್ಮಗನ ಲಿಂಗದೀಕ್ಷೆಯನ್ನು ಕಣ್ಣಾರೆ ನೋಡುವಷ್ಟು ಕಾಲ.

ಶರಣರು ಶರೀರವನ್ನು ಶಿವನ ಆಲಯವೆಂದು ಭಾವಿಸಿದರು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ನೆಡುವಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಆ ಉಸಿರಿನಲ್ಲಿ ಕೆಮ್ಮಿಲ್ಲದೆ, ಏದುಸಿರಿಲ್ಲದೆ, ಮಧ್ಯದಲ್ಲಿ ಎದ್ದುಹೋಗುವ ಬಯಕೆಯಿಲ್ಲದೆ ಕುಳಿತ ಮೊದಲ ದಿನ ಭಕ್ತನಿಗೆ ತಾನು ಪಡೆದುದೇನೆಂಬುದು ತಿಳಿಯುತ್ತದೆ. ಆ ದಿನವು ಮೂರನೆಯ ದಿನವಲ್ಲ, ಮೂವತ್ತನೆಯದಾಗಬಹುದು, ತೊಂಬತ್ತನೆಯದಾಗಬಹುದು. ಆದರೆ ಮೂರನೆಯ ದಿನವನ್ನು ದಾಟದೆ ಅಲ್ಲಿಗೆ ದಾರಿಯಿಲ್ಲ.

ಆದುದರಿಂದ ಈ ಸಭೆಯಲ್ಲಿ ನೆರೆದಿರುವವರಲ್ಲಿ ಬಿಟ್ಟವರಿದ್ದರೆ ಇಂದು ಬಿಡುವವರ ಮನೆಗೆ ಮೂರನೆಯ ದಿನ ತಪ್ಪದೆ ಹೋಗಿಬರಲಿ. ಒಂದು ಬಟ್ಟಲು ಮಜ್ಜಿಗೆಯನ್ನು ಕುಡಿದು, ಅರ್ಧ ತಾಸು ಕುಳಿತು ಬರಲಿ. ಬಿಟ್ಟು ಬಿದ್ದವರಿದ್ದರೆ ನಾಚಿಕೆಯನ್ನು ಜೋಳಿಗೆಗೆ ಹಾಕಿ ಮಠಕ್ಕೆ ಬರಲಿ. ಇನ್ನೂ ಬಿಡದವರಿದ್ದರೆ, ಬರುವ ಕಷ್ಟದ ಹೆಸರೂ ಅವಧಿಯೂ ಈಗ ಅವರಿಗೆ ತಿಳಿದಿರುವುವು. ತಿಳಿದ ಕಷ್ಟವು ಅರ್ಧ ಕಳೆದ ಕಷ್ಟ. ಬಸವಾದಿ ಶರಣರ ಕೃಪೆಯು ಸರ್ವರಿಗೂ ಆ ನಿಷ್ಠೆಯನ್ನು ದಯಪಾಲಿಸಲಿ.